ಟರ್ಬೈನ್ ತಿರುಗಿದ ದಿನ

"ರೀ, ಅದು ಫೋಟೋ ತೆಗೆಯೋ ಜಾಗ ಅಲ್ಲ. ಇಳೀರಿ ಕೆಳಗೆ."

ಪುಟ್ಟ ಅಣೆಕಟ್ಟಿನ ಗೋಡೆಯ ಮೇಲೆ ನಿಂತಿದ್ದವನು ತಿರುಗಿ ನೋಡಿದ. ಪವರ್‌ಹೌಸಿನ ಆಪರೇಟರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಫೋಟೋಗೆ ಬಂದವನಲ್ಲ ಮೇಡಂ. ನಿಮ್ಮ ಟರ್ಬೈನ್ ಕೆಟ್ಟು ಕೂತಿದೆಯಂತಲ್ಲ, ಬೇರಿಂಗ್ ಬದಲಾಯಿಸೋ ಫಿಟ್ಟರ್ ನಾನೇ."

ಅವಳ ಕಿವಿ ಕೆಂಪಾಯಿತು. ಅದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ರಿಪೇರಿ ಮಳೆಗಾಲದ ತನಕ ಎಳೆಯಿತು. ಅವನು ಮಷೀನಿನ ಹೊಟ್ಟೆಯೊಳಗೆ ತೂರಿಕೊಂಡರೆ ಅವಳು ಟಾರ್ಚ್ ಹಿಡಿಯುತ್ತಿದ್ದಳು.

"ಬೆಳಕು ಬೋಲ್ಟ್ ಮೇಲೆ ಬಿಡಿ. ನನ್ನ ಮುಖದಲ್ಲೇನೂ ಕೆಟ್ಟಿಲ್ಲ."

"ಯಾರು ಹೇಳಿದ್ದು? ಮೂಗಿನ ತುಂಬ ಗ್ರೀಸ್."

ಒರೆಸಿಕೊಳ್ಳಲು ಹೋಗಿ ಅವನು ಕೆನ್ನೆಗೂ ಬಳಿದುಕೊಂಡ. ಅವಳಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಹೋದಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಅಕ್ಕ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳ ಮಗಳು ಈಗ ಚಿಕ್ಕಮ್ಮನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಭಾವನಿಗೆ ದೂರದೂರಿಗೆ ವರ್ಗವಾಯಿತು. ಮಗಳನ್ನು ಬಿಟ್ಟು ಅವರು ಹೋಗಲಾರರು. ಇವಳನ್ನು ಬಿಟ್ಟು ಆ ಮಗು ಉಣ್ಣದು. ಭಾವನ ಜೊತೆ ಮದುವೆಯ ಮಾತನ್ನು ಅಪ್ಪ ತಲೆ ತಗ್ಗಿಸಿಕೊಂಡೇ ಎತ್ತಿದರು. ಅವಳು ಹೂಂ ಅಂದಳು.

ಕೊನೆಯ ಬೋಲ್ಟ್ ಬಿಗಿಯುತ್ತಿದ್ದ ಫಿಟ್ಟರನಿಗೆ ಅದನ್ನು ಅವಳೇ ಹೇಳಿದಳು. ಅವನ ಕೈಯಲ್ಲಿ ಸ್ಪ್ಯಾನರ್ ನಿಂತಿತು.

"ಬೇಡ ಅಂದುಬಿಡಿ. ನಾನಿದ್ದೀನಿ. ಎಷ್ಟು ದಿನದಿಂದ ಹೇಳಬೇಕು ಅಂತ ಒದ್ದಾಡ್ತಿದ್ದೀನಿ ಗೊತ್ತಾ?"

"ಗೊತ್ತು."

"ಮತ್ತೆ?"

"ಆ ಮಗು ನನ್ನನ್ನೇ ಅಮ್ಮ ಅನ್ನತ್ತೆ. ಅದಕ್ಕೆ ಹೇಗೆ ಬೇಡ ಅನ್ಲಿ?"

"ನನಗೆ ಬೇಡ ಅನ್ನಬಹುದಾ?"

"ನಿಮಗೆ ಬೇಡ ಅಂತಿಲ್ಲ, ಆಗಲ್ಲ ಅಂತಿದ್ದೀನಿ. ಬೇಡ ಅನ್ನೋಕೆ ನನಗೆ ಬಾಯೇ ಬರಲ್ಲ."

ಅವನು ಬೋಲ್ಟ್ ಬಿಗಿದು, ಕೈ ಒರೆಸಿಕೊಂಡು, ನೀರು ಬಿಡಬಹುದು ಎಂದು ತಲೆಯಾಡಿಸಿದ.

ಪೈಪಿನಲ್ಲಿ ನೀರು ಮೊರೆಯಿತು. ಟರ್ಬೈನ್ ಮೆಲ್ಲಗೆ ಹೊರಳಿ, ವೇಗ ಹಿಡಿದು, ಹಾಲ್ ತುಂಬ ಗುಂಯ್‌ಗುಟ್ಟಿತು. ಅವಳು ಊರಿನ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟ್ ಲೈನ್ ಕೊಟ್ಟಳು.

"ಕರೆಂಟ್ ಬಂತು ಮೇಡಂ. ಎಲ್ಲ ಸರಿ ಇದೆ ತಾನೇ?" ಆ ಕಡೆಯವನು ಕೇಳಿದ.

"ಎಲ್ಲ ಸರಿ ಇದೆ," ಎಂದಳು.

ಫೋನಿಟ್ಟು ತಿರುಗಿದರೆ ಅವನಿರಲಿಲ್ಲ. ಕಿಟಕಿಯಾಚೆ, ಚೀಲ ಹೆಗಲಿಗೇರಿಸಿ ರಸ್ತೆಗೆ ಇಳಿಯುತ್ತಿದ್ದ. ತಿರುವಿನಲ್ಲಿ ನಿಂತ. ಕಾದ.

ಹೊಸ ಬೇರಿಂಗ್ ಎಷ್ಟು ಬಿಸಿಯಾಗುತ್ತದೆಂದು ನೋಡುತ್ತ ಅವಳು ಪ್ಯಾನೆಲ್ ಮುಂದೆಯೇ ಇರಬೇಕಿತ್ತು. ಮೀಟರಿನ ಮುಳ್ಳಿನ ಮೇಲೆ ಕಣ್ಣು ನೆಟ್ಟಳು. ಅದು ಎಷ್ಟು ತೋರಿಸುತ್ತಿದೆಯೆಂದು ಕಾಣಿಸಲಿಲ್ಲ.