ಸಮುದ್ರಕ್ಕೆ ಹೋದ ಆಂಬ್ಯುಲೆನ್ಸ್

"ದಾರಿ ಹುಡುಕೋ ನಮ್ಮ ಫಂಕ್ಷನ್ ಕಿತ್ತುಹಾಕಿದ ಮಹಾನುಭಾವರು ನೀವೇನಾ?"

ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನ ಬಾಗಿಲಲ್ಲೇ ಅವಳು ಅವನನ್ನು ತಡೆದಳು. ಗಾಡಿಗಳಿಗೆ ದಾರಿ ತೋರಿಸುವ ಸಾಫ್ಟ್‌ವೇರ್ ಅವಳದು. ಅದರೊಳಗಿನ ಮ್ಯಾಪ್ ಲೈಬ್ರರಿ, ಅಂದರೆ ನಕ್ಷೆಯ ಸಿದ್ಧ ಕೋಡ್, ಬರೆದವನು ಇವನು. ಅದರ ಹೊಸ ಆವೃತ್ತಿ ಹಾಕಿದ್ದೇ ತಡ, ಕೋಡನ್ನೆಲ್ಲ ಜೋಡಿಸುವ ಬಿಲ್ಡ್ ಅರ್ಧಕ್ಕೇ ನಿಂತು ಪರದೆ ತುಂಬ ಕೆಂಪು ಅಕ್ಷರ! ವಾರ ಮುಗಿಯುವುದರೊಳಗೆ ಹಳೆಯದು ಬಂದ್ ಆಗುವುದಿತ್ತು.

"ನಾನೇ... ಅದು ಒಂದೊಂದ್ಸಲ ತಪ್ಪು ದಾರಿ ತೋರಿಸ್ತಿತ್ತು, ತೆಗೆದೆ. ಬೈಯೋದು ಆಮೇಲೆ ಇಟ್ಕೊಳ್ಳಿ, ಮೊದಲು ಸರಿ ಮಾಡೋಣ."

'ಅಬ್ಬಾ, ಏನು ಧಿಮಾಕು!' ಎಂದುಕೊಂಡಳು. ಆದರೂ ಕುರ್ಚಿ ಎಳೆದುಕೊಟ್ಟಳು.

ಒಂದು ಎರರ್ ಬಿಡಿಸಿದರೆ ಅದರ ಹಿಂದೆ ಇನ್ನೊಂದು. ದಿನ ಕಳೆದಂತೆ ಜಗಳ ಹರಟೆಯಾಯಿತು, ಹರಟೆ ನಗುವಾಯಿತು. ಅವನು ಬರುವುದು ತಡವಾದರೆ ಅವಳ ಕಣ್ಣು ಬಾಗಿಲ ಕಡೆಗೇ...

ಕೊನೆಗೊಂದು ಮಧ್ಯಾಹ್ನ ಬಿಲ್ಡ್ ಆಯಿತು!

"ಮುಗೀತು!" ಎಂದ ಅವನು.

"ಬಿಲ್ಡ್ ಆದ ಮಾತ್ರಕ್ಕೆ ಸರಿಯಾಯ್ತು ಅಂತಲ್ಲ."

ಅವಳು ತನ್ನ ಮನೆಯ ವಿಳಾಸ ಒತ್ತಿದಳು. ಮ್ಯಾಪಿನಲ್ಲಿ ದಾರಿ ಸೀದಾ ಸಮುದ್ರದ ನಡುವೆ ಹೋಗಿ ನಿಂತಿತು!

"ರೀ, ನಮ್ಮಣ್ಣ ಓಡಿಸೋದು ಆಂಬ್ಯುಲೆನ್ಸು, ದೋಣಿಯಲ್ಲ!"

ಕೋಣೆಯೆಲ್ಲ ನಕ್ಕಿತು. ಅವನ ಮುಖ ಬಿಳಿಚಿಕೊಂಡಿತು. ಹೊಸ ಆವೃತ್ತಿಯಲ್ಲಿ ಅಕ್ಷಾಂಶ, ರೇಖಾಂಶ ಹಿಂದುಮುಂದಾಗಿದ್ದವು; ಅದನ್ನವನು ಎಲ್ಲೂ ತಿಳಿಸಿರಲಿಲ್ಲ. ತಟ್ಟನೆ ಫೋನ್ ಹಿಡಿದು ಎದ್ದುಹೋದ.

'ಎಲ್ಲರೆದುರು ಮರ್ಯಾದೆ ತೆಗೆದುಬಿಟ್ಟೆನಾ?' ಅವಳ ಎದೆ ಚುರ್ ಎಂದಿತು. ಆದರೂ ಕೈ ನಿಲ್ಲಲಿಲ್ಲ. ಕ್ರಮ ತಿದ್ದಿ, ಅಣ್ಣನ ಗಾಡಿಯನ್ನು ಹೊಸ ದಾರಿಯಲ್ಲಿ ಮನೆಗೆ ಕಳಿಸಿ ನೋಡಿದಳು.

"ಸರಿಯಾಗಿ ಬಾಗಿಲಿಗೇ ಬಂದೆ ಕಣೇ!" ಅಣ್ಣನ ಫೋನ್.

ಅವನನ್ನು ಹುಡುಕುತ್ತ ಹೊರಬಂದಳು. ಮೆಟ್ಟಿಲ ಮೇಲೆ ಕೂತು ಅವನು ತನ್ನ ತಂಡದವರಿಗೆ ಹೇಳುತ್ತಿದ್ದ: "ಈ ಲೈಬ್ರರಿ ಬಳಸೋ ಎಲ್ಲರಿಗೂ ತಿಳಿಸ್ರೋ, ತಪ್ಪು ನಂದೇ. ಹಿಡಿದಿದ್ದು ಇಲ್ಲಿನ ಮೇಡಂ. ಅವರ ಹೆಸರನ್ನೇ ಹಾಕಿ."

ಅವಳು ಅವನೆದುರು ಬಂದು ನಿಂತಳು.

"ಸಿಟ್ಟು ಮಾಡ್ಕೊಂಡು ಹೋದ್ರಿ ಅಂದ್ಕೊಂಡೆ..."

"ನಿಮ್ಮ ಮೇಲಾ? ಎಷ್ಟೊಂದು ಜನರ ಜೀವ ಉಳಿಸಿದ್ರಿ. ಬೇಜಾರು ಒಂದೇ... ನಾಳೆಯಿಂದ ಇಲ್ಲಿಗೆ ಬರೋಕೆ ನೆಪ ಇಲ್ಲ."

"ನೆಪ ಯಾಕೆ? ಸುಮ್ನೆ ಬನ್ನಿ."

"ನಿಮ್ಮಣ್ಣ ಯಾಕೆ ಬಂದೆ ಅಂತ ಕೇಳಿದ್ರೆ?"

ಅವಳು ಅವನ ಪಕ್ಕದಲ್ಲೇ ಕೂತಳು.

"ನಾನೇ ಕರೆದೆ ಅಂತೀನಿ. ನೀವಂದ್ರೆ ನಂಗಿಷ್ಟ ಅಂತಾನೂ ಹೇಳ್ತೀನಿ."

"ಅದನ್ನ ಮೊದಲು ನಂಗೆ ಹೇಳ್ಬೇಕಲ್ವಾ?"

"ಈಗ ಹೇಳಿದ್ದು ಮತ್ತೆ ಯಾರಿಗೆ?"