ಗುಂಪು ಫೋಟೋದ ಎರಡನೇ ಸಾಲು

ದೃಷ್ಟಿಶೋಧಕ ಯಂತ್ರ ಆ ಹಳೆಯ ಶಾಲಾ ಫೋಟೋದ ಮೇಲೆ ಸರಿಯುತ್ತ ಬಂದು, ಎರಡನೇ ಸಾಲಿನ ಹುಡುಗಿಯೊಬ್ಬಳ ಮುಖದ ಮೇಲೆ ನಿಂತಿತು. ಪರದೆಯ ತುಂಬ ಅವಳ ಕಣ್ಣುಗಳು. ಪಾಪೆಯ ಮೇಲಂಚಿನಲ್ಲಿ ಬಿದಿಗೆ ಚಂದ್ರನಂಥ ಬೆಳಕಿನ ಗೆರೆ. ಕೆಳಗೆ ಅಂಕಿ ಮೂಡಿತು: ಮೈನಸ್ ನಾಲ್ಕೂಕಾಲು.

"ಯಾರ್ರೀ ಸರ ಈಕಿ?" ಯಂತ್ರವನ್ನು ರೂಪಿಸಿದ ಡಾ. ಸಬೀಹಾ ಮುಲ್ಲಾ ಕೇಳಿದರು.

"ರೇಣವ್ವ ಬಾರಕೇರ. ಗಣಿತದಾಗ ನಪಾಸಾಗಿ ಸಾಲಿ ಬಿಟ್ಲು," ಎಂದರು ಫೋಟೋ ತಂದಿದ್ದ ನಿವೃತ್ತ ಗಣಿತ ಶಿಕ್ಷಕ ಯಲಿಗಾರ ಮಾಸ್ತರರು.

ಅಕ್ಷರ ಬಾರದ ಕೂಸುಗಳ ಕಣ್ಣು ಪರೀಕ್ಷೆಗೆಂದು ಹುಟ್ಟಿದ ಯಂತ್ರವದು. ಕ್ಯಾಮೆರಾದ ಫ್ಲ್ಯಾಶ್ ಬೆಳಕು ಕಣ್ಣಿನ ಹಿಂಬದಿಯ ಅಕ್ಷಿಪಟಲಕ್ಕೆ ತಾಗಿ ಮರಳುತ್ತದೆ. ಕಣ್ಣುಗುಡ್ಡೆ ತುಸು ಉದ್ದವಾಗಿದ್ದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲ ತಲುಪುವ ಮೊದಲೇ ಮೂಡಿಬಿಡುತ್ತದೆ. ಇದು ಸಮೀಪದೃಷ್ಟಿ. ಅಂಥ ಕಣ್ಣಿನಲ್ಲಿ ಮರಳುವ ಬೆಳಕು ಫ್ಲ್ಯಾಶ್ ಇರುವ ಬದಿಗೇ ಗೆರೆಯಾಗಿ ಕಾಣುತ್ತದೆ. ಅದರ ಅಗಲ ಅಳೆದರೆ ಕನ್ನಡಕದ ನಂಬರು ಸಿಗುತ್ತದೆ. ಹಳೆಯ ಫೋಟೋ ಕೊಟ್ಟರೂ ಯಂತ್ರ ನಂಬರು ಹೇಳುತ್ತದೆಂದು ಮೊದಲು ಯಾರಿಗೂ ಹೊಳೆದಿರಲಿಲ್ಲ. ಸುದ್ದಿ ಹಬ್ಬಿದ ಮೇಲೆ ಗದಗಿನ ಆ ಪ್ರಯೋಗಾಲಯದ ಮುಂದೆ ಆಲ್ಬಮ್ ಹಿಡಿದ ತಂದೆತಾಯಿಗಳು, ಶಿಕ್ಷಕರು ಸಾಲುಗಟ್ಟಿದರು. ಹಲವರು ಅಲ್ಲೇ ಅತ್ತರು. ಹಾಗಾಗಿ ಸಬೀಹಾ ಯಂತ್ರ ಕೊಡುವ ಪ್ರತಿ ವರದಿಯ ಕೊನೆಯಲ್ಲಿ ಒಂದು ಸಾಂತ್ವನದ ಸಾಲು ಸೇರಿಸಿದರು: 'ಈ ದೋಷ ಅಂದು ಯಾರ ಗಮನಕ್ಕೂ ಬಂದಿರಲಿಲ್ಲ.'

"ನಾಲ್ಕೂಕಾಲು ಅಂದ್ರ ಎಷ್ಟು ಕಾಣತಿತ್ತರಿ ಆಕಿಗೆ?" ಮಾಸ್ತರರು ಕೇಳಿದರು.

"ಒಂದು ಗೇಣಿನಾಚೆ ಎಲ್ಲಾ ಮಸಕು."

"ಎತ್ತರ ಇದ್ಲು ಅಂತ ಕಡೇ ಬೆಂಚಿಗೆ ಕೂಡ್ರಿಸಿದ್ದೆ. ಬೋರ್ಡಿನ ಮ್ಯಾಲಿನ ಎಂಟನ್ನ ಮೂರು ಅಂತ ಬರಕೋತಿದ್ಲು. ಲಕ್ಷ್ಯ ಎಲ್ಲಿಟ್ಟೀಯಂತ ತಾಸುಗಟ್ಟಲೆ ನಿಲ್ಲಸ್ತಿದ್ದೆ."

"ಮನಸ್ಸಿಗೆ ಹಚ್ಕೋಬ್ಯಾಡ್ರಿ ಸರ. ಎಲ್ಲಾರಿಗೂ ಹಿಂಗ ಕಾಣತೈತಿ ಅನ್ಕೊಂಡಿರತಾವು ಹುಡುಗರು. ಅವಕ್ಕ ಗೊತ್ತಿರಂಗಿಲ್ಲ, ನಿಮಗ ಹ್ಯಾಂಗ ಗೊತ್ತಾಗಬೇಕು?"

ಆ ಮಾತನ್ನೇ ನೆಚ್ಚಿಕೊಂಡು ಮಾಸ್ತರರು ಮರುದಿನ ಬೆಟಗೇರಿಯ ರೇಣವ್ವನ ಖಾನಾವಳಿ ಹುಡುಕಿ ಹೋದರು. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ದಪ್ಪ ಗಾಜಿನ ಕನ್ನಡಕದ ಮೇಲೆ ಜೋಳದ ಹಿಟ್ಟು.

"ಅಯ್ಯ, ಯಲಿಗಾರ ಸರ! ಬರ್ರಿ, ಕೂಡ್ರಿ."

ಅವರು ವರದಿ ಚಾಚಿದರು. "ನನಗ ಗೊತ್ತಾಗಲಿಲ್ಲವ್ವಾ. ನಿನಗೂ ಗೊತ್ತಿರಲಿಲ್ಲ. ತಪ್ಪಾತು."

ರೇಣವ್ವ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಓದಿದಳು. "ಮಷಿನ್ ಖರೇ ಹೇಳೈತಿ. ಆದ್ರ ನನಗ ಗೊತ್ತಿತ್ತಲ್ಲರಿ ಸರ. ಎಂಟನೇ ವರ್ಗದಾಗ ಇದ್ದಾಗ ಕಣ್ಣಿನ ಶಿಬಿರದಾಗ ಚಾಳೀಸ ಕೊಟ್ಟಿದ್ರು."

"ನೀ ಹಾಕ್ಕೊಂಡಿದ್ದು ನಾ ನೋಡೇ ಇಲ್ಲ!"

"ಒಂದ ದಿನ ಹಾಕ್ಕೊಂಡಿದ್ದೆ. 'ಬಂದ್ಲು ನೋಡ್ರಪಾ ಸೋಡಾ ಬಾಟ್ಲಿ' ಅಂದ್ರಿ ನೀವು. ಇಡೀ ವರ್ಗ ನಕ್ಕಿತು. ವರ್ಗದಾಗ ಮತ್ತ ಹಾಕಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳುತ್ತಲೇ ರೊಟ್ಟಿ ತಿರುವಿ ಹಾಕಿದಳು. ಮಾಸ್ತರರು ನೆನಪನ್ನೆಲ್ಲ ಕೆದಕಿದರು. ಆ ದಿನ ಸಿಗಲಿಲ್ಲ. ಕನ್ನಡಕ ಹಾಕಿ ಬಂದ ಪ್ರತಿ ಮಗುವಿಗೂ ಅದೇ ಚೇಷ್ಟೆ ಮಾಡುತ್ತಿದ್ದದ್ದು ಮಾತ್ರ ನೆನಪಾಯಿತು.

"ಫೋಟೋ ತಂದೀರೇನು?"

ಅವರು ಚೀಲದಿಂದ ತೆಗೆದುಕೊಟ್ಟರು. ರೇಣವ್ವ ಹಿಟ್ಟಿನ ಬೆರಳಿಟ್ಟು ತೋರಿಸಿದಳು. ಯಂತ್ರ ಹುಡುಕಿದ್ದು ಕಣ್ಣುಗಳನ್ನಷ್ಟೇ. ಕೆಳಗೆ, ಹುಡುಗಿಯ ಎದೆಗವಚಿದ ಮುಷ್ಟಿಯಿಂದ ಕನ್ನಡಕದ ಒಂದು ಕಡ್ಡಿ ಹೊರಗೆ ಇಣುಕಿತ್ತು.

"ಫೋಟೋದಾಗರ ಇರಲೆಂತ ಹಾಕ್ಕೊಂಡಿದ್ದೆ. ನೀವು ಮುಂದಿನ ಕುರ್ಚಿಯಿಂದ ಹೊಳ್ಳಿ ನೋಡಿದ್ರಿ. ತಗದೆ."

ಮಾಸ್ತರರು ವರದಿಯನ್ನು ಮೇಜಿನ ಮೇಲೆ ಹರವಿ, ನಿವೃತ್ತರಾದ ಮೇಲೂ ಜೇಬಿನಲ್ಲೇ ಉಳಿದಿದ್ದ ಕೆಂಪು ಪೆನ್ನು ತೆಗೆದರು. 'ಈ ದೋಷ ಅಂದು ಯಾರ ಗಮನಕ್ಕೂ ಬಂದಿರಲಿಲ್ಲ' ಎಂಬ ಸಾಲನ್ನು, ತಪ್ಪು ಲೆಕ್ಕಕ್ಕೆ ಗೀಟೆಳೆಯುವಂತೆ, ಉದ್ದಕ್ಕೂ ಹೊಡೆದುಹಾಕಿದರು. ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

"ಉಣ್ರಿ ಸರ, ರೊಟ್ಟಿ ಆರತಾವು," ಎಂದಳು ರೇಣವ್ವ.