ಏನೂ ಕೇಳದ ಟಾರ್ಚು

ಸತೀಶ್ ಕುಮಾರನ ಮೊಬೈಲ್ ಅಂಗಡಿಯ ಪೂಜೆಯ ದಿನ ಅವನ ದೊಡ್ಡಪ್ಪ ಮಹೇಶ್ವರಪ್ಪ ಆಡಿದ್ದು ಒಂದೇ ಮಾತು. ಜಗಳೂರು ಬಸ್‌ಸ್ಟ್ಯಾಂಡ್ ಹತ್ತಿರದ ಆ ಪುಟ್ಟ ಮಳಿಗೆಗೆ ಸ್ವಾಮಿಗಳು ಬಂದಿದ್ದರು, ಬೀಗರು ಬಂದಿದ್ದರು, ಗಾಜಿನ ಕಪಾಟಿಗೆ ಸೇವಂತಿಗೆ ಹಾರ ಬಿದ್ದಿತ್ತು. ದೊಡ್ಡಪ್ಪ ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿ, "ನಮ್ಮ ಹಗೇವು ಇದಕ್ಕಿಂತ ದೊಡ್ದೈತೆ ಬಿಡ್ರಪ್ಪ" ಅಂದ. ಬೀಗರು ನಕ್ಕರು. ಸ್ವಾಮಿಗಳೂ ನಕ್ಕರು. ಸತೀಶನ ಹೆಂಡತಿ ಕಲ್ಪನಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ಯಾತಕ್ಕೆ ಎಂದು ತಿಳಿಯದಷ್ಟು ದಡ್ಡ ಅವನಲ್ಲ.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಊರಿನವರೆಲ್ಲ ತಂತಮ್ಮ ಹಗೇವುಗಳಿಗೆ ಮಣ್ಣು ಹೊಡೆಸಿ ಅದರ ಮೇಲೆ ಬೈಕು ನಿಲ್ಲಿಸುವ ಕಾಲ ಬಂದರೂ ಮಹೇಶ್ವರಪ್ಪ ತನ್ನದನ್ನು ಬಿಟ್ಟಿರಲಿಲ್ಲ. ಅದು ಇದ್ದದ್ದು ಚಳ್ಳಕೆರೆ ರಸ್ತೆಗೆ ಮುಖ ಮಾಡಿದ ಅವನ ಮನೆಯ ಅಂಗಳದಲ್ಲಿ. ಸತೀಶನಿಗೆ ದೊಡ್ಡ ಶೋರೂಮ್ ಕಟ್ಟಿ ಆ ನಗುವನ್ನೆಲ್ಲ ವಾಪಸ್ ಕೊಡಲು ಬೇಕಾಗಿದ್ದದ್ದೂ ಅದೇ ಅಂಗಳ. ಕೇಳಿದಾಗಲೆಲ್ಲ ಮುದುಕನದು ಒಂದೇ ಉತ್ತರ: "ನಾ ಹೋದ ಮ್ಯಾಲೆ ಏನಾದ್ರೂ ಮಾಡ್ಕಳಪ್ಪ."

ಹಾಗಾದರೆ ಹೋಗಲಿ, ಎಂದು ಸತೀಶ ತೀರ್ಮಾನಿಸಿದ.

ಅಪ್ಪ ಸತ್ತ ಮೇಲೆ ಅವನನ್ನು ಸಾಕಿದವನು ಈ ದೊಡ್ಡಪ್ಪನೇ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಆದರೆ ಆ ಋಣದ ಲೆಕ್ಕವೆಲ್ಲ ಸತೀಶ ಎಂದೋ ಮನಸ್ಸಿನಲ್ಲೇ ಚುಕ್ತಾ ಮಾಡಿಕೊಂಡಿದ್ದ. ಬಾಲ್ಯದಲ್ಲಿ ಕಲಿತ ಪಾಠವೊಂದು ಮಾತ್ರ ಈಗ ಉಪಯೋಗಕ್ಕೆ ಬರುವಂತಿತ್ತು. ಹಗೇವಿನ ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುವುದಿಲ್ಲ. ವರ್ಷವೆಲ್ಲ ಮುಚ್ಚಿದ ಗುಂಡಿಯಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ದೊಡ್ಡಪ್ಪ ಕಂದೀಲು ಹಚ್ಚಿ, ಹಗ್ಗ ಕಟ್ಟಿ, ಮೆಲ್ಲಗೆ ಕೆಳಗೆ ಬಿಡುತ್ತಿದ್ದ. ಆರಿದರೆ ಬೇವಿನ ಟೊಂಗೆ ಆಡಿಸಿ ಗಾಳಿ ಹೊರಗೆ ಹಾಕಬೇಕು, ಕಾಯಬೇಕು, ಮತ್ತೆ ಇಳಿಬಿಡಬೇಕು. "ಕಂದೀಲು ಬದುಕಿದ್ರೆ ನಾವೂ ಬದುಕ್ತೀವಿ" ಎಂದು ಅವನು ಹೇಳುತ್ತಿದ್ದುದನ್ನು ಸಣ್ಣ ಸತೀಶ ಬಾಯಿಬಿಟ್ಟುಕೊಂಡು ಕೇಳುತ್ತಿದ್ದ.

ಉರಿಯುವ ಬತ್ತಿಗೆ ಗಾಳಿ ಬೇಕು. ಮೊಬೈಲಿನ ಟಾರ್ಚಿಗೆ ಬೇಡ. ಮುದುಕನ ತಲೆಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ. ಅವನ ಪಾಲಿಗೆ ಬೆಳಕು ಅಂದರೆ ಬೆಳಕು.

ಕಂದೀಲು ಬಿಡಿಸಲು ಕಾರಣ ಹುಡುಕುವ ಕಷ್ಟವನ್ನು ದೊಡ್ಡಪ್ಪನ ಕಣ್ಣೇ ತಪ್ಪಿಸಿತು. ಪೊರೆ ಬಂದಿತ್ತು. ಸತೀಶ ತಾನೇ ಮುಂದೆ ನಿಂತು ಊರಿಗೆ ಬಂದಿದ್ದ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದ. ನೋಡಿದವರು ಮಗನಿಗಿಂತ ಹೆಚ್ಚು ಅಂದರು. ಮುದುಕ ಒಳಗೆ ಆಪರೇಶನ್ನಿಗೆ ಮಲಗಿದ್ದ ಹೊತ್ತಿನಲ್ಲಿ ಅವನು ಆ ಖಾಲಿ ಮನೆಗೆ ಹೋಗಿ, ಹಗೇವಿನ ಬಾಯಿಗೆ ಮೆತ್ತಿದ್ದ ಮಣ್ಣು ಬಿಡಿಸಿ, ಕೊಡಗಟ್ಟಲೆ ನೀರು ಸುರಿದು, ಮತ್ತೆ ಮಣ್ಣು ಸಗಣಿ ಮೆತ್ತಿದ. ಒದ್ದೆಯಾದ ಜೋಳ ಒಳಗೊಳಗೇ ಬೆಂದು ಗಾಳಿಯನ್ನು ತಿಂದು ಹಾಕುತ್ತದೆ. ಇದನ್ನೂ ದೊಡ್ಡಪ್ಪನೇ ಕಲಿಸಿದ್ದ. ಸಂಜೆ ಕೈಕಾಲು ತೊಳೆದು ಶಿಬಿರಕ್ಕೆ ವಾಪಸು ಬಂದಾಗ ಡಾಕ್ಟರು ಕಪ್ಪು ಕನ್ನಡಕ ಕೊಡುತ್ತಾ ಹೇಳುತ್ತಿದ್ದರು: ಹೊಗೆ ತಾಗಬಾರದು, ಧೂಳು ಬೀಳಬಾರದು, ತಲೆ ಬಗ್ಗಿಸಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು. ಹೊಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ಸತೀಶನಿಗೆ ಕುಣಿಯುವಷ್ಟು ಖುಷಿಯಾಯಿತು. ಸೀಮೆಎಣ್ಣೆಯ ಹೊಗೆಗಿಂತ ಕೆಟ್ಟ ಹೊಗೆ ಬೇರೆ ಯಾವುದಿದೆ?

ಉಳಿದದ್ದು ಟಾರ್ಚು. ದೊಡ್ಡಪ್ಪನಿಗೆ ಕೊಡಲೆಂದು ತೆಗೆದಿಟ್ಟ ಫೋನಿನೊಳಗೇ ಒಂದು ಇತ್ತು, ಆದರೆ ಅದನ್ನು ಪರದೆಯ ನೆತ್ತಿಯಿಂದ ಬೆರಳಲ್ಲಿ ಎಳೆದು ಹುಡುಕಬೇಕು. ಕುಂಟೆ ಹಿಡಿದು ಒರಟಾದ ಬೆರಳಿಗೆ ಅದು ದಕ್ಕುವುದಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಸತೀಶ ಒಂದೊಂದೇ ಆ್ಯಪ್ ಹಾಕಿ ನೋಡಿದ. ಮೊದಲನೆಯದು ಬೆಳಕು ಕೊಡುವ ಮೊದಲು ರಮ್ಮಿ ಆಡಲು ಕರೆಯಿತು. ಎರಡನೆಯದು ಅರ್ಧದಲ್ಲೇ ಆರಿ ಜಾಹೀರಾತು ತೋರಿಸಿತು. ಮತ್ತೊಂದು, ನೀವು ಎಲ್ಲಿದ್ದೀರಿ, ನಿಮ್ಮ ಪರಿಚಯದವರು ಯಾರ್ಯಾರು ಎಂದು ಪೊಲೀಸಿನವರಂತೆ ಕೇಳಿತು. ಓದಿದವನೇ ಅದನ್ನು ಅಳಿಸಿ ಹಾಕಿದ. ನಾಳೆ ನಿಜವಾದ ಪೊಲೀಸರು ಆ ಫೋನು ತೆಗೆದು ನೋಡಿದರೆ ಅದು ಯಾವ ಅಂಗಡಿಯಲ್ಲಿ, ಎಷ್ಟು ದಿನ, ಯಾರ ಕೈಯಲ್ಲಿ ತಯಾರಾಯಿತು ಎಂಬುದೆಲ್ಲ ಎಲ್ಲೋ ದಾಖಲಾಗಿರಬಾರದು.

ದಾವಣಗೆರೆ ಹಾಸ್ಟೆಲಿನಿಂದ ಭಾನುವಾರಕ್ಕೆಂದು ಬಂದಿದ್ದ ಮಗಳು ಚೈತ್ರಾ ಅವನ ಪರದಾಟ ನೋಡಿ ಫೋನು ಕಸಿದುಕೊಂಡಳು.

"ಯಾರಿಗೆ ಅಪ್ಪಾಜಿ ಇದು?"

"ಅಜ್ಜಂಗೆ. ಕಂದೀಲು ಹೊಗೆ ಕಣ್ಣಿಗಾಗಲ್ಲ ಅಂದಾರಲ್ಲ."

"ಟಾರ್ಚಿಗೆ ಊರೋರ ನಂಬರೆಲ್ಲ ಯಾಕ್ ಬೇಕು? ಇಂಥವೆಲ್ಲ ಹಾಕ್ಬ್ಯಾಡ್ರಿ." ಅವಳು ಸ್ವಲ್ಪ ಹೊತ್ತು ಹುಡುಕಿ ಒಂದನ್ನು ಆರಿಸಿದಳು. ಪರದೆ ತುಂಬ ಒಂದೇ ಗುಂಡಿ. ಒತ್ತಿದರೆ ಬೆಳಕು, ಮತ್ತೆ ಒತ್ತಿದರೆ ಕತ್ತಲೆ. "ನೋಡ್ರಿ, ಇದು ಏನೂ ಕೇಳಾದಿಲ್ಲ. ಇಂಟರ್ನೆಟ್ಟೂ ಬ್ಯಾಡ ಇದಕ್ಕೆ. ಯಾರಿಗೂ ಏನೂ ಹೇಳಾದಿಲ್ಲ. ನಾನೇ ಹೋಗಿ ಅಜ್ಜಂಗೆ ಕಲಿಸ್ಲಾ?"

"ನಿಂಗ್ಯಾಕೆ? ನಾಳೆ ಕಾಲೇಜಿಗೆ ಹೋಗು" ಅಂದ ಸತೀಶ. ಮಗಳ ಜಾಣತನಕ್ಕೆ ಅವನಿಗೆ ಹೆಮ್ಮೆಯಾಯಿತು. ಏನೂ ಕೇಳದ, ಯಾರಿಗೂ ಏನೂ ಹೇಳದ ಬೆಳಕು. ತಾನೇ ಮಾಡಿಸಿದ್ದರೂ ಇದಕ್ಕಿಂತ ಚೆನ್ನಾಗಿರುತ್ತಿರಲಿಲ್ಲ.

ಫೋನು ಕೈಗಿಟ್ಟಾಗ ದೊಡ್ಡಪ್ಪ ಕಪ್ಪು ಕನ್ನಡಕದೊಳಗಿಂದ ಅದನ್ನು ಬಹಳ ಹೊತ್ತು ನೋಡಿದ. "ಹಿಂಗ ಹಗ್ಗ ಕಟ್ಟಿ ಇಳಿಬಿಡಬೌದೇನು?" ಎಂದು ತಾನಾಗಿಯೇ ಕೇಳಿದ.

"ಬಿಡ್ರಿ ದೊಡ್ಡಪ್ಪ. ಕಂದೀಲು ಹೆಂಗೋ ಇದೂ ಹಂಗೇ" ಅಂದ ಸತೀಶ, ಮುಖದಲ್ಲಿ ಗೆರೆಯೂ ಅಲುಗದೆ. ಮುದುಕನ ಕಣ್ಣಲ್ಲಿ ನೀರು ಬಂತು. ಅವತ್ತು ಅಂಗಡಿ ಮುಂದೆ ಆಡಿದ ಮಾತು ತಪ್ಪಾಯಿತು ಅಂದ. ತಡವಾಯಿತು, ಎಂದುಕೊಂಡ ಸತೀಶ, ಗೂಡಿನಲ್ಲಿದ್ದ ಸೀಮೆಎಣ್ಣೆ ಸೀಸೆಯನ್ನು ಎತ್ತಿಕೊಂಡು ಹೊರಟ.

ಯೋಜನೆಯಲ್ಲಿ ಬಿರುಕು ಹುಡುಕುವುದು ಅವನಿಗೆ ಆಟವಾಯಿತು. ಬೇರೆ ಯಾರಾದರೂ ಇಳಿದರೆ? ಇಳಿಯುವಂತಿಲ್ಲ. ಹಗೇವು ಆ ಮನೆಯಲ್ಲಿ ಲಕ್ಷ್ಮಿಯ ಜಾಗ. ಅಲ್ಲಿಗೆ ಮೊದಲು ಮನೆಯವರ ಕಾಲೇ ಬೀಳಬೇಕು, ಆಮೇಲೆ ಬೇಕಾದರೆ ಆಳುಗಳು. ಮನೆಯವರು ಅಂದರೆ ದೊಡ್ಡಪ್ಪ, ಇಲ್ಲವೇ ತಾನು. ತಾನು, ದೊಡ್ಡಪ್ಪ ಹಗೇವು ತೆಗೆಯಲು ಗೊತ್ತುಮಾಡಿದ್ದ ಆ ಗುರುವಾರ, ಚನ್ನಗಿರಿಯ ಆಚೆ ನಲ್ಲೂರಿನಲ್ಲಿ, ಗೆಳೆಯನ ಮನೆಯ ಗೃಹಪ್ರವೇಶದಲ್ಲಿರುತ್ತಾನೆ. ಎದುರು ಮನೆಯ ಕಲ್ಲಮ್ಮ ಕೂಗಿಕೊಳ್ಳುತ್ತಾಳೆ, ಜನ ಸೇರುತ್ತಾರೆ, ಪೊಲೀಸರು ಹಗೇವಿನ ಗಾಳಿ ಎಂದು ಬರೆದುಕೊಂಡು ಹೋಗುತ್ತಾರೆ. ಪ್ರತಿ ವರ್ಷ ಎಲ್ಲೋ ಒಂದು ಕಡೆ ಆಗುವಂಥದ್ದೇ. ಅಳುವಾಗ ಟವೆಲ್ ಬಾಯಿಗಿಡಬೇಕೋ ಹೆಗಲ ಮೇಲಿರಬೇಕೋ ಎಂಬುದನ್ನೂ ಅವನು ಯೋಚಿಸಿಟ್ಟಿದ್ದ.

ಗುರುವಾರ ನಲ್ಲೂರಿನಲ್ಲಿ ಅವನು ಸಿಕ್ಕಸಿಕ್ಕವರ ಜೊತೆ ಫೋಟೊ ಹೊಡೆಸಿಕೊಂಡ. ದೇವರ ಕೋಣೆಯ ಮುಂದೆ ಒಂದು, ಹೊಸ ಬಾಗಿಲ ಮುಂದೆ ಒಂದು. ಎಲ್ಲವನ್ನೂ ಸ್ಟೇಟಸ್‌ಗೆ ಹಾಕಿದ. ಊಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುತ್ತಿದ್ದಾಗ, ಈಗ ಕಲ್ಲು ಸರಿಸಿರುತ್ತಾನೆ, ಅಂದುಕೊಂಡ. ಎರಡನೇ ಹೋಳಿಗೆಗೆ, ಈಗ ಟಾರ್ಚು ಇಳಿದಿರುತ್ತದೆ. ಮುದುಕ ಕುಸಿದು ಕೂರುವಾಗ ಬೆಳಕು ಅವನ ಮುಖಕ್ಕೇ ಬೀಳಲಿ ಎಂದು ಅವನಿಗೆ ಆಸೆಯಾಯಿತು. ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಫೋನು ಮೊಳಗಿತು. ಕಲ್ಲಮ್ಮನದಲ್ಲ, ಚೈತ್ರಾಳದು. ಸುದ್ದಿ ಹಾಸ್ಟೆಲಿಗೇ ಮೊದಲು ಮುಟ್ಟಿರಬೇಕು, ಪಾಪ ಅಳುತ್ತಿರುತ್ತಾಳೆ ಎಂದುಕೊಂಡು ಅವನು ಗಂಟಲನ್ನು ತಕ್ಕಷ್ಟು ನಡುಗಿಸಿ, "ಹೇಳವ್ವ" ಅಂದ.

ಆ ಕಡೆಯಿಂದ ಬಂದದ್ದು ದೊಡ್ಡಪ್ಪನ ಧ್ವನಿ. "ಸತೀಶ, ಕೂಸಿನ ಫೋನಿಂದ ಮಾತಾಡ್ತಾ ಇದೀನಪ್ಪ. ಆ ಗುಂಡಿ ಒತ್ತಾಕೆ ನನಗೆ ಬರಲಿಲ್ಲ, ನಿನ್ನೆ ಕಲ್ಲಮ್ಮನ ಕೈಲಿ ಫೋನ್ ಮಾಡ್ಸಿದ್ದೆ, ಮುಂಜಾನೆ ಬಸ್ಸಿಗೇ ಬಂದ್ಲು ಪಾಪ. ಬೆಳಕು ಕಟ್ಟಿ ಇಳಿಬಿಟ್ವಿ, ಆರಲಿಲ್ಲ. ಈಗ್ಲೂ ಕೆಳಗೆ ಹಂಗೇ ಉರೀತಾ ಐತೆ, ಬಲು ಛಲೋ ಬೆಳಕು. ಆದ್ರೆ ನಾ ಎಷ್ಟು ಕೂಗಿದ್ರೂ ಕೂಸು ಓ ಅನ್ನವಲ್ದು. ನಾನೇ ಇಳೀತೀನಿ ಅಂದೆ ಕಣಪ್ಪ, ಅವಳು ಬಿಡಲಿಲ್ಲ. ತಲೆ ಬಗ್ಗಿಸಬಾರದು ಅಂತ ಡಾಕ್ಟ್ರು ಹೇಳುವಾಗ ನೀನೂ ಅಲ್ಲೇ ನಿಂತಿದ್ಯಲ್ಲ."